ಮಗಳಿಗೊಂದು ಪತ್ರ: ಕಿಟಕಿಯ ಬಿಳಿ ಪುಡಿ

ಪುಟ್ಟಿ,

ನಿನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ಮನೆ ಮಾರಾಟದ ಆ ಜಾಹೀರಾತನ್ನು ಮತ್ತೆ ತೆಗೆದು ನೋಡಿದೆ. 'ಮರಗಳ ನೆರಳಿನ ಬಡಾವಣೆಯಲ್ಲಿ 1957ರ ಮನೆ, ಪೂರ್ತಿ ನವೀಕರಿಸಿದ್ದು.' ಫೋಟೋದಲ್ಲಿ ನಮ್ಮ ಮನೆ ಅಂತ ನನಗೇ ಅನ್ನಿಸೋಲ್ಲ. ನಿನ್ನ ರೂಮಿಗೆ ಮೇಜು ಹಾಕಿ ಆಫೀಸ್ ಮಾಡಿಬಿಟ್ಟಿದ್ದಾರೆ. ಇದೆಲ್ಲ ನಿನಗೆ ಯಾರೋ ಕಳಿಸಿದ ಲಿಂಕ್‌ನಿಂದ ಗೊತ್ತಾಗಬಾರದಿತ್ತು. ತಪ್ಪು ನನ್ನದೇ.

'ನನ್ನನ್ನು ಒಂದು ಮಾತು ಕೇಳಲಿಲ್ಲ' ಅಂದೆ. ಹೌದು, ಕೇಳಲಿಲ್ಲ. ಕೇಳಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ, ಅಂಗಳದ ಎಲೆ ಗುಡಿಸಿ ಸಾಕಾಗಿದೆ ಅಂತ ಹೇಳಿದ್ದೆಲ್ಲ ಸುಳ್ಳಲ್ಲ. ಆದರೆ ಕಾರಣ ಅದಲ್ಲ.

ನಾಲ್ಕು ತಿಂಗಳ ಹಿಂದೆ ಕಿಟಕಿ ರಿಪೇರಿಗೆ ಬಂದವನು ಚೌಕಟ್ಟನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ತೋರಿಸಿದ. ಮೇಲೆ ನಾನು ಬಳಿದ ತಿಳಿ ಹಳದಿ. ಅದರ ಕೆಳಗೆ ಹಸಿರು, ಅದರ ಕೆಳಗೆ ಕೆನೆ ಬಣ್ಣ, ಎಲ್ಲದರ ಕೆಳಗೆ ಬಿಳಿ. ಇಷ್ಟು ಹಳೇ ಮನೆಯ ಬಣ್ಣವನ್ನು ಪರೀಕ್ಷೆ ಮಾಡಿಸದೆ ಉಜ್ಜೋದಿಲ್ಲ ಅಂದ. ಲ್ಯಾಬ್‌ಗೆ ಕಳಿಸಿದೆವು. ಕೆಳಗಿನ ಎರಡು ಪದರದಲ್ಲಿ ಸೀಸ ಇದೆ ಅಂತ ಬಂತು. ಲೆಡ್ ಅಂತಾರಲ್ಲ, ಆ ವಿಷದ ಲೋಹ.

ಈಗ ಕೇಳು. 1995. ಮನೆ ತಗೊಂಡ ಮೊದಲ ವರ್ಷ. ನಿನಗೆ ಹನ್ನೊಂದು ತಿಂಗಳು. ಕೆಲಸದವರನ್ನು ಇಡೋಕೆ ದುಡ್ಡಿರಲಿಲ್ಲ, ಜೊತೆಗೆ ನಾನೇ ಮಾಡ್ತೀನಿ ಅನ್ನೋ ಜಂಬ ಬೇರೆ. ಹದಿನಾಲ್ಕು ಕಿಟಕಿ. ಭಾನುವಾರಗಳಲ್ಲಿ ಒಂದೊಂದಾಗಿ ಉಜ್ಜಿದೆ, ಒಣ ಉಪ್ಪುಕಾಗದದಲ್ಲಿ. ಧೂಳು ಮೂಗಿಗೆ ಹೋಗಬಾರದು ಅಂತ ಟವೆಲ್ ಸುತ್ತಿಕೊಂಡಿದ್ದೆ. ನನ್ನ ಮೂಗಿಗೆ. ನೀನು ಕೆಳಗೆ ಅಂಬೆಗಾಲಲ್ಲಿ ಓಡಾಡುತ್ತಿದ್ದೆ. ಒಂದು ಸಲ ಎರಡೂ ಅಂಗೈ ಬೆಳ್ಳಗೆ ಮಾಡಿಕೊಂಡು ನನಗೆ ತೋರಿಸಿದೆ. ಆಮೇಲೆ ಬೆರಳು ಬಾಯಿಗೆ ಹೋಯಿತು. ನಾನು ನಕ್ಕೆ.

ನಾಲ್ಕು ತಿಂಗಳಿಂದ ಆ ಟವೆಲ್ಲೇ ಕಣ್ಣ ಮುಂದೆ ಬರುತ್ತಿದೆ. ನೀಲಿ ಗೆರೆಯದು. ಧೂಳು ಒಳ್ಳೇದಲ್ಲ ಅಂತ ನನಗೆ ಗೊತ್ತಿತ್ತು, ಅದಕ್ಕೇ ತಾನೇ ಕಟ್ಟಿಕೊಂಡಿದ್ದು? ಹಾಗಿದ್ದರೆ ನಿನ್ನನ್ನು ಪಕ್ಕದ ರೂಮಿನಲ್ಲಿ ಬಿಟ್ಟು ಬಾಗಿಲು ಹಾಕೋಕೆ ಏನಾಗಿತ್ತು? ಸೀಸದ ವಿಷಯ ಗೊತ್ತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮನೆಯ ಒಳಗೋಡೆಗೆ ಬಿಳಿ ಸೀಸದ ಬಣ್ಣ ಬಳಿಯಬಾರದು ಅಂತ 1921ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿತ್ತಂತೆ. ನಮ್ಮ ಮನೆ ಕಟ್ಟಿದ್ದು ಅದಾಗಿ ಮೂವತ್ತಾರು ವರ್ಷಕ್ಕೆ. ಬಣ್ಣ ಬೇಗ ಒಣಗುತ್ತೆ, ಜಾಸ್ತಿ ಬಾಳಿಕೆ ಬರುತ್ತೆ ಅಂತ ಹಾಕುತ್ತಲೇ ಇದ್ದರು. ಅದರಲ್ಲೂ ಕಿಟಕಿಯದೇ ದೊಡ್ಡ ತೊಂದರೆ. ತೆಗೆದು ಹಾಕುವಾಗಲೆಲ್ಲ ಉಜ್ಜಿ ಉಜ್ಜಿ ತಾನಾಗೇ ಪುಡಿ ಉದುರುತ್ತದೆ. ಅಂದರೆ ಆ ಭಾನುವಾರಗಳಷ್ಟೇ ಅಲ್ಲ.

ಆರನೇ ಕ್ಲಾಸಿನಲ್ಲಿ 'ಗಮನ ಇಲ್ಲ' ಅಂತ ಟೀಚರ್ ಬರೆದು ಕಳಿಸಿದಾಗ ನಾನು ಎಷ್ಟು ಬೈದಿದ್ದೆ, ನೆನಪಿದೆಯಾ? ಸೀಸ ಮಕ್ಕಳ ಗಮನವನ್ನೇ ಕೆಡಿಸುತ್ತದೆ ಅಂತ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ಈಗ ಯಾರೂ ಹೇಳೋಕಾಗಲ್ಲ. ನೀನು ಓದಿದೆ, ಸೇತುವೆಗಳ ಲೆಕ್ಕ ಹಾಕುವ ಕೆಲಸ ಹಿಡಿದೆ, ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತೇನೆ. ಆದರೂ ಆ ಬೈಗುಳ ನನ್ನ ಕಿವಿಗೇ ವಾಪಸ್ ಬರುತ್ತಿದೆ. ಕ್ಷಮಿಸು. ಟವೆಲ್ಲಿಗೂ, ಬೈದಿದ್ದಕ್ಕೂ.

ಇಷ್ಟು ಹೊತ್ತು ಸುತ್ತಿದ್ದು ಯಾಕೆ ಅಂದರೆ, ಈಗ ನೀನು ಐದು ತಿಂಗಳ ಬಸುರಿ. ಸೀಸ ರಕ್ತದಲ್ಲಿ ಬಹಳ ದಿನ ಇರೋಲ್ಲ, ಆದರೆ ಮೂಳೆಯಲ್ಲಿ ಸುಣ್ಣದಂತೆಯೇ ಸೇರಿಕೊಂಡು ಹತ್ತಾರು ವರ್ಷ ಕೂತಿರುತ್ತದೆ. ಬಸುರಿಯಲ್ಲಿ ಮಗುವಿಗೋಸ್ಕರ ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರುತ್ತೆ ನೋಡು, ಆಗ ಅದರ ಜೊತೆ ಇದೂ ಹೊರಡಬಹುದು. ನಿನ್ನಲ್ಲಿ ಉಳಿದಿರೋದು ತೀರಾ ಕಡಿಮೆಯೇ ಇರಬಹುದು. ಏನೂ ಇಲ್ಲದೆಯೂ ಇರಬಹುದು. ಸುಮ್ನೆ ಒಂದು ರಕ್ತ ಪರೀಕ್ಷೆ, ಅಷ್ಟೇ. ಡಾಕ್ಟರಿಗೆ ಈ ಕಿಟಕಿ ಕಥೆ ಪೂರ್ತಿ ಹೇಳು, ನಾಚಿಕೊಳ್ಳಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಬಿಡದೆ ತಗೋ, ಅವು ಕಡಿಮೆಯಾದರೆ ಮೈ ಸೀಸವನ್ನು ಇನ್ನೂ ಬೇಗ ಹೀರುತ್ತದೆ.

ನೀವಿಬ್ಬರೂ ಹಳೇ ಮನೆ ಹುಡುಕುತ್ತಿದ್ದೀರಿ ಅಂತಲೂ ಗೊತ್ತು. ಹೊಸ ಬಣ್ಣದ ವಾಸನೆಗೆ ಮರುಳಾಗಬೇಡ. ಯಾವ ವರ್ಷದ್ದು ಕೇಳು. ಕೆಳಗಿನ ಪದರ ಪರೀಕ್ಷೆ ಮಾಡಿಸಿದ್ದಾರಾ ಕೇಳು. ಹಳೇ ಬಣ್ಣವನ್ನು ಒದ್ದೆ ಮಾಡದೆ ಉಜ್ಜೋಕೆ, ಬೆಂಕಿಯಿಂದ ಸುಡೋಕೆ ಬಿಡಬೇಡ, ಆ ಕೆಲಸ ನಡೆಯುವಾಗ ನೀನು ಆ ಮನೆಯಲ್ಲಿ ಇರಲೇಬೇಡ. ಪುಡಿ ಇದ್ದರೆ ಪೊರಕೆ ಬೇಡ, ಒದ್ದೆ ಬಟ್ಟೆ. ನೆಲದ ಹಳೇ ಟೈಲ್ಸ್ ಕೀಳೋಕೆ ಮುಂಚೆ ಆಸ್ಬೆಸ್ಟಾಸ್ ಇದೆಯಾ ನೋಡಿಸು, ಆ ನಾರಿನ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ಭಾಷಣ ಅಂತೀಯ. ಹೌದು, ಭಾಷಣವೇ. ಆಗ ನನಗೆ ಯಾರಾದರೂ ಮಾಡಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯ ಹದಿನಾಲ್ಕು ಕಿಟಕಿಯೂ ಈಗ ಹೊಸದು. ತುಕ್ಕು ಹಿಡಿದ ಪೈಪು, ಅರ್ಥಿಂಗ್ ಇಲ್ಲದ ವೈರು, ಮರದ ಬೇರು ನುಗ್ಗಿದ್ದ ಚರಂಡಿ, ಎಲ್ಲ ಬದಲಾಯಿಸಿದೆ. ಧೂಳಿನ ಪರೀಕ್ಷೆಯೂ ಪಾಸಾಯಿತು. ಮನೆ ಸರಿ ಇದೆ, ಸರಿ ಇಲ್ಲದಿರೋನು ನಾನು. ನಿನ್ನ ಮಗು ಆ ನೆಲದ ಮೇಲೆ ಅಂಬೆಗಾಲಿಡೋದನ್ನು ನನ್ನಿಂದ ನೋಡೋಕಾಗಲ್ಲ.

ಸೀಸದ ವಿಷಯ ಜಾಹೀರಾತಿನಲ್ಲಿ ಹಾಕೋದು ಬೇಡ ಅಂದ ಬ್ರೋಕರ್. ಹಾಕಿಸಿದೆ. ಕಿಟಕಿ ಕೆಳಗಿನ ಮಣ್ಣಿಗೂ ಆ ಪುಡಿ ಉದುರಿರಬಹುದು ಅನ್ನೋದನ್ನೂ ಹಾಕಿಸಿದೆ. ಅವನ ಮುಖ ಸಪ್ಪಗಾಯಿತು.

ನಿನಗೆ ಹೇಳೋದು ಬೇಡ, ಹೆದರುತ್ತಾಳೆ ಅಂತ ಅಮ್ಮ ಹೇಳಿದ್ದಳು. ಈ ಪತ್ರ ಬರೆದದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ಲ್ಯಾಬ್ ರಿಪೋರ್ಟ್ ಜೊತೆಗಿಟ್ಟಿದ್ದೇನೆ, ಎರಡನೇ ಪುಟ ಡಾಕ್ಟರಿಗೆ ತೋರಿಸು.

ಶನಿವಾರ ಮನೆ ನೋಡೋಕೆ ಜನ ಬರುತ್ತಾರೆ. ಅದಕ್ಕೆ ಮುಂಚೆ ಒಂದು ಸಲ ಬರಬೇಕು ಅನ್ನಿಸಿದರೆ ಬಾ, ಬಯ್ಯೋಕಾದರೂ ಬಾ. ನಿನ್ನ ರೂಮಿನ ಹಳೇ ಕಿಟಕಿಯ ಚಿಲಕ ಎತ್ತಿಟ್ಟಿದ್ದೇನೆ. ಹಿತ್ತಾಳೆಯದು, ಅದಕ್ಕೆ ಬಣ್ಣ ಇರಲಿಲ್ಲ. ಆದರೂ ಎರಡು ಸಲ ತೊಳೆದಿದ್ದೇನೆ.

ಅಪ್ಪ