ಕೆಂಪು ಪ್ಲಸ್ ಗುರುತು ಬೇಡ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೆ,

ನಮಸ್ಕಾರ. ಮುಂದಿನ ತಿಂಗಳ ಆರೋಗ್ಯ ಮೇಳಕ್ಕೆ ನಿಮ್ಮ ಮನೆಯಲ್ಲಿ ಈಗಾಗಲೇ ಕತ್ತರಿ, ಅಂಟು, ಬಣ್ಣದ ಕಾಗದ ಹರಡಿಕೊಂಡಿರಬಹುದು. ನರ್ಸ್ ಟೋಪಿ, ಡಾಕ್ಟರ್ ಬ್ಯಾಗು, ರಟ್ಟಿನ ಆಂಬುಲೆನ್ಸು ಎಲ್ಲ ತಯಾರಾಗುತ್ತಿವೆ ಅಂತ ಕೇಳಿದೆ. ಒಂದೇ ಒಂದು ವಿನಂತಿ. ಅವುಗಳ ಮೇಲೆ ಬಿಳಿ ಹಿನ್ನೆಲೆಯ ಕೆಂಪು ಪ್ಲಸ್ ಗುರುತು ಹಾಕಬೇಡಿ. ಅಂಟಿಸಿ ಆಗಿದ್ದರೆ ತೆಗೆದುಬಿಡಿ.

ಮೊದಲು ತಪ್ಪು ಮಾಡಿದ್ದು ನಾವೇ. ಪ್ರಥಮ ಚಿಕಿತ್ಸೆ ಕೋಣೆಯ ಬಾಗಿಲ ಮೇಲೆ ಎಷ್ಟೋ ವರ್ಷದಿಂದ ದೊಡ್ಡದೊಂದು ಕೆಂಪು ಪ್ಲಸ್ ಇತ್ತು. ಅದನ್ನು ಬರೆಸಿದವಳು ನಾನೇ. ಹೋದ ವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಮಂಡಿಗೆ ಬ್ಯಾಂಡೇಜ್ ಹಾಕಿಸಿಕೊಳ್ಳುತ್ತಾ ಬಾಗಿಲನ್ನೇ ನೋಡುತ್ತಿದ್ದಳು. "ಮಿಸ್, ಅದು ರೆಡ್ ಕ್ರಾಸ್‌ನವರದ್ದು ಅಲ್ವಾ? ಅವರನ್ನ ಕೇಳಿ ಹಾಕಿದ್ರಾ?" ಅಂದಳು. ಕೇಳಿರಲಿಲ್ಲ. ಕೇಳಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಈ ಗುರುತು ಹುಟ್ಟಿದ್ದು ಯುದ್ಧಭೂಮಿಯಲ್ಲಿ. 1859ರಲ್ಲಿ ಇಟಲಿಯ ಸೊಲ್ಫೆರಿನೊದಲ್ಲಿ ದೊಡ್ಡ ಕದನ ನಡೆಯಿತು. ಗಾಯಗೊಂಡವರು ಸಾವಿರಗಟ್ಟಲೆ ಜನ ನೋಡುವವರಿಲ್ಲದೆ ಬಿದ್ದಿದ್ದರು. ಅದನ್ನು ಕಣ್ಣಾರೆ ಕಂಡ ಸ್ವಿಟ್ಜರ್ಲೆಂಡಿನ ವ್ಯಾಪಾರಿ ಹೆನ್ರಿ ಡ್ಯೂನಾಂಟ್ ಸುಮ್ಮನೆ ಕೂರಲಿಲ್ಲ. ಆಗ ಒಂದೊಂದು ಸೈನ್ಯದ ವೈದ್ಯರಿಗೆ ಒಂದೊಂದು ಬಣ್ಣದ ಬಾವುಟ. ಎದುರಿನವನಿಗೆ ಅದು ಆಸ್ಪತ್ರೆ ಅಂತ ಗೊತ್ತಾಗುವುದಾದರೂ ಹೇಗೆ? ಡ್ಯೂನಾಂಟರ ಪ್ರಯತ್ನದಿಂದ 1863ರಲ್ಲಿ ಹಲವು ದೇಶದವರು ಜಿನೀವಾದಲ್ಲಿ ಸಭೆ ಸೇರಿ ಎಲ್ಲರಿಗೂ ಒಂದೇ ಗುರುತು ಅಂತ ಮಾಡಿದರು. ಮರುವರ್ಷ ಅದು ಯುದ್ಧದಲ್ಲಿ ಗಾಯಗೊಂಡವರನ್ನು ಕಾಪಾಡಲು ದೇಶಗಳು ಮಾಡಿಕೊಂಡ ಜಿನೀವಾ ಒಪ್ಪಂದಕ್ಕೆ ಸೇರಿತು. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ತಿರುಗಿಸಿದರೆ ಇದೇ ಗುರುತು, ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಂದೆ ಕೆಂಪು ಅರ್ಧಚಂದ್ರಕ್ಕೂ, 2005ರಲ್ಲಿ ಕೆಂಪು ಹರಳಿಗೂ (ವಜ್ರಾಕಾರದ ಕೆಂಪು ಚೌಕಟ್ಟು) ಅದೇ ಸ್ಥಾನ ಸಿಕ್ಕಿತು.

ನಾವೆಲ್ಲ ಅಂದುಕೊಂಡಂತೆ "ಇಲ್ಲಿ ಮಾತ್ರೆ ಸಿಗುತ್ತದೆ" ಅಂತ ಅದರ ಅರ್ಥ ಅಲ್ಲ. "ಗುಂಡು ಹಾರಿಸಬೇಡ" ಅಂತ. ಅದನ್ನು ಧರಿಸಿದವರಿಗೆ ಆ ಗುರುತೇ ದೊಡ್ಡ ರಕ್ಷಣೆ. ಎದುರಿನವನು ನಂಬಿದರೆ ಉಳಿದರು, ಇಲ್ಲದಿದ್ದರೆ ಇಲ್ಲ.

ಆ ನಂಬಿಕೆ ಎಷ್ಟು ನಾಜೂಕು ಅನ್ನುವುದಕ್ಕೆ 2008ರ ಕೊಲಂಬಿಯಾ ನೋಡಿ. ಬಂಡುಕೋರರ ಹಿಡಿತದಲ್ಲಿದ್ದ 15 ಜನ ಒತ್ತೆಯಾಳುಗಳನ್ನು ಸೇನೆ ಉಪಾಯವಾಗಿ ಬಿಡಿಸಿತು. ಒಂದು ಗುಂಡೂ ಹಾರಲಿಲ್ಲ. ಆದರೆ ಆ ಕಾರ್ಯಾಚರಣೆಯಲ್ಲಿ ಸೇನೆಯವನೊಬ್ಬ ರೆಡ್ ಕ್ರಾಸ್ ಗುರುತು ಧರಿಸಿದ್ದ. ವಿಷಯ ಹೊರಬಿದ್ದಾಗ ದೇಶದ ಅಧ್ಯಕ್ಷರೇ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದರು. ಜೀವ ಉಳಿಸಿದ್ದಕ್ಕೆ ಕ್ಷಮೆ ಯಾಕೆ ಅಂತ ನನಗೂ ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದೆ. ನಾಳೆ ನಿಜವಾದ ರೆಡ್ ಕ್ರಾಸ್‌ನವರು ಅದೇ ಕಾಡಿಗೆ ಹೋದಾಗ ಬಂದೂಕು ಹಿಡಿದವನು ಅವರನ್ನು ಯಾಕೆ ನಂಬಬೇಕು?

ಅದಕ್ಕೇ ಕಾನೂನು ಇಷ್ಟು ಬಿಗಿ. 1949ರಲ್ಲಿ ಹೊಸದಾಗಿ ಬರೆದ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಮೊದಲನೆಯದರ 53ನೇ ವಿಧಿಯಲ್ಲಿ ಇದು ನೇರವಾಗಿಯೇ ಇದೆ. ಹಕ್ಕಿಲ್ಲದ ವ್ಯಕ್ತಿಯಾಗಲಿ, ಸಂಘವಾಗಲಿ, ಕಂಪನಿಯಾಗಲಿ ಈ ಗುರುತನ್ನೋ ಅದನ್ನು ಹೋಲುವುದನ್ನೋ ಬಳಸುವಂತಿಲ್ಲ. ಉದ್ದೇಶ ಏನೇ ಇರಲಿ. ಯುದ್ಧ ಇರಲಿ, ಶಾಂತಿ ಇರಲಿ. ಒಪ್ಪಂದಕ್ಕೆ ಸೇರಿದ ದೇಶಗಳು 196. ದುರ್ಬಳಕೆ ತಡೆಯಲು ತಕ್ಕ ಕಾನೂನು ಮಾಡಿಕೊಳ್ಳುವುದು ಅವುಗಳ ಹೊಣೆ. ಸೇನೆಯ ವೈದ್ಯಕೀಯ ದಳ ಮತ್ತು ರೆಡ್ ಕ್ರಾಸ್ ಸಂಸ್ಥೆಗಳಿಗೆ ಹಕ್ಕಿದೆ. ನಮ್ಮ ಜೂನಿಯರ್ ರೆಡ್ ಕ್ರಾಸ್ ಮಕ್ಕಳ ಪುಟ್ಟ ಬ್ಯಾಡ್ಜ್ ಸಂಸ್ಥೆಯೇ ಕೊಟ್ಟಿದ್ದು, ಅದಕ್ಕೆ ತೊಂದರೆ ಇಲ್ಲ.

ಇದರಲ್ಲೂ ತಮಾಷೆಯ ಸಂಗತಿಗಳಿವೆ. ಅಮೆರಿಕದಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಈ ಗುರುತಿನ ಬಳಕೆ ನಿರ್ಬಂಧಿಸಿದ 1905ರ ಕಾನೂನಿಗಿಂತ ಮೊದಲಿನಿಂದಲೂ ಕೆಂಪು ಪ್ಲಸ್ ಬಳಸುತ್ತಿತ್ತು, ಹಾಗಾಗಿ ಅದಕ್ಕೆ ವಿನಾಯಿತಿ. 2007ರಲ್ಲಿ ಅದು ಈ ಗುರುತಿನ ವಿಚಾರಕ್ಕೆ ಅಮೆರಿಕನ್ ರೆಡ್ ಕ್ರಾಸ್ ಮೇಲೆಯೇ ಕೇಸು ಹಾಕಿತು! ಮರುವರ್ಷ ರಾಜಿಯಾಯಿತು. 2017ರಲ್ಲಿ ಬ್ರಿಟನ್ನಿನ ಒಂದು ವಿಡಿಯೋ ಗೇಮ್‌ನಲ್ಲಿ ಆಂಬುಲೆನ್ಸ್ ಮೇಲಿದ್ದ ಕಡಲೆ ಕಾಳಿಗಿಂತ ಚಿಕ್ಕ ಗುರುತಿಗೂ ಆಕ್ಷೇಪ ಬಂತು. ಗೇಮ್ ಮಾಡಿದವರು ಬಣ್ಣವನ್ನು ಹಸಿರು ಮಾಡಿದರು.

ಮಕ್ಕಳ ಟೋಪಿ ನೋಡಿ ಯಾರೂ ಪೊಲೀಸರನ್ನು ಕರೆಯಲ್ಲ, ಅದು ನನಗೂ ಗೊತ್ತು. ಆದರೆ ಆಟದಲ್ಲಿ ಕಲಿತದ್ದೇ ಜಾಸ್ತಿ ದಿನ ಉಳಿಯುವುದು. ನಿಮ್ಮಲ್ಲಿ ಡಾಕ್ಟರುಗಳೂ ಇದ್ದೀರಿ. ಕಾರಿನ ಗಾಜಿನ ಮೇಲಿನ ಸ್ಟಿಕ್ಕರನ್ನೂ ಒಮ್ಮೆ ನೋಡಿಕೊಂಡರೆ ಚೆನ್ನ. ಹೇಳಿದ್ದಕ್ಕೆ ಬೇಜಾರಾಗಬೇಡಿ.

ಹಾಗಾದರೆ ಏನು ಬಳಸುವುದು? ಪ್ರಥಮ ಚಿಕಿತ್ಸೆಗೆ ಹಸಿರು ಹಿನ್ನೆಲೆಯ ಬಿಳಿ ಪ್ಲಸ್ ಇದೆ, ಅದು ಯಾವ ದೇಶದಲ್ಲೂ ಗೊತ್ತಾಗುತ್ತದೆ. ಡಾಕ್ಟರ್ ಬ್ಯಾಗಿಗೆ ಕೋಲು ಸುತ್ತಿದ ಹಾವು ಬರೆಯಬಹುದು. ಆಂಬುಲೆನ್ಸಿಗೆ ಗುರುತೇ ಬೇಡ. ಮುಂಭಾಗದಲ್ಲಿ ಹೆಸರನ್ನು ತಿರುಗುಮುರುಗಾಗಿ ಬರೆಸಿ, ಕನ್ನಡಿಯಲ್ಲಿ ನೋಡಿ ಓದುವಂತೆ. ಮಕ್ಕಳಿಗೆ ಅದೇ ಖುಷಿ. ಕೆಂಪನ್ನು ಬಿಳಿ ಮಾಡಿ, ಬಿಳಿಯನ್ನು ಕೆಂಪು ಮಾಡಿದರೆ ಸಾಕಲ್ವಾ ಅಂತ ಒಬ್ಬರು ಕೇಳಿದರು. ಅದು ಸ್ವಿಟ್ಜರ್ಲೆಂಡಿನ ಲಾಂಛನ. ಅದನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳುವುದಕ್ಕೂ ಅದೇ 53ನೇ ವಿಧಿಯಲ್ಲಿ ತಡೆ ಇದೆ. ನಮಗೆ ಆ ತಂಟೆ ಬೇಡ.

ಕೋಣೆಯ ಬಾಗಿಲಿಗೆ ಮೊನ್ನೆ ಹಸಿರು ಬಣ್ಣ ಹೊಡೆಸಿದ್ದೇವೆ. ಎರಡು ಕೋಟ್ ಆದರೂ ಬಿಳಿ ಪ್ಲಸ್ಸಿನ ಒಳಗಿಂದ ಹಳೆಯ ಕೆಂಪು ತಿಳಿಗುಲಾಬಿಯಾಗಿ ಇಣುಕುತ್ತಿದೆ. ಶನಿವಾರ ಇನ್ನೊಂದು ಕೋಟ್ ಬೀಳುತ್ತದೆ. ಅಂದು ಆ ಕಡೆ ಬಂದರೆ ಬಾಗಿಲು ಮುಟ್ಟಬೇಡಿ, ಬಣ್ಣ ಹಸಿ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ