ಸ್ಟಿಕ್ಕರ್ ಕಿತ್ತ ರಾತ್ರಿ, ಮತ್ತೆ ಒಂದಷ್ಟು ವಂದನೆ

ಎಲ್ರಿಗೂ ವಂದನೆ.

ಹೋದ ಭಾನುವಾರ ನಮ್ಮ ಚರ್ಚ್ ಸಭೆಯ ವಾರ್ಷಿಕ ಮೀಟಿಂಗ್ ಮುಗೀತು. ಆಡಿಟ್ ಆದ ಲೆಕ್ಕ ಓದಿದ್ವಿ, ಯಾರೂ ಕೂಗಾಡ್ಲಿಲ್ಲ, ಯಾರೂ ಅರ್ಧಕ್ಕೆ ಎದ್ದು ಹೋಗ್ಲಿಲ್ಲ, ಒಬ್ರು ಅಂಕಲ್ ಮಾತ್ರ ಹೂವಿಗೆ ಯಾಕಪ್ಪಾ ಇಷ್ಟು ಖರ್ಚು ಅಂದ್ರು, ಬೆಳಗ್ಗೆ ಐದಕ್ಕೆ ಕೆ.ಆರ್. ಮಾರ್ಕೆಟ್‌ಗೆ ಹೋಗೋರು ಯಾರೂ ಸಿಗ್ಲಿಲ್ಲ ಅಂಕಲ್, ಅದಕ್ಕೆ ಇಲ್ಲೇ ಕಮ್ಮನಹಳ್ಳಿಲಿ ತಗೊಂಡ್ವಿ ಅಂದೆ, ಸರಿ ಮುಂದಿನ ಸಲ ನಾನೇ ಹೋಗ್ತೀನಿ ಬಿಡು ಅಂದ್ರು. ಅಷ್ಟೇ ಜಗಳ. ಹದಿನೆಂಟು ತಿಂಗಳ ಹಿಂದೆ ಇದೇ ಹಾಲ್‌ನಲ್ಲಿ ಕುರ್ಚಿ ಹಾರಾಡಿದ್ದು ನೋಡಿದೀನಿ, ಅದಕ್ಕೇ ಈ ಹೂವಿನ ಜಗಳ ನಂಗೆ ಎಷ್ಟು ಖುಷಿ ಕೊಡ್ತು ಅಂದ್ರೆ ಮನೆಗೆ ಬಂದು ಹೆಂಡ್ತಿಗೆ ಮೂರು ಸಲ ಹೇಳಿದೆ. ನಾಲ್ಕನೇ ಸಲ ಶುರು ಮಾಡಿದಾಗ ಎದ್ದು ಅಡುಗೆಮನೆಗೆ ಹೋದ್ಲು.

ಏನಾಯ್ತು ಅಂತ ಮತ್ತೆ ಬರಿಯಲ್ಲ. ಗೊತ್ತಿರೋರಿಗೆ ಗೊತ್ತು. ಗೊತ್ತಿಲ್ದೇ ಇರೋರಿಗೆ ಇಷ್ಟು ಸಾಕು, ನಾವು ತುಂಬಾ ವರ್ಷ ನಂಬಿದ್ದ ಪಾಸ್ಟರ್ ಕಾಣಿಕೆ ದುಡ್ಡಿನ ವಿಷ್ಯದಲ್ಲಿ ನಮಗೆ ಸುಳ್ಳು ಹೇಳಿದ್ರು, ಸಭೆಯ ಮೂರು ಮನೆಯವರ ಹತ್ರ ಸಾಲನೂ ಮಾಡಿದ್ರು, ಪ್ರಶ್ನೆ ಕೇಳಿದವರನ್ನ ವಿಶ್ವಾಸದಲ್ಲಿ ಬಲಹೀನರು ಅಂತ ಪ್ರಸಂಗದಲ್ಲೇ ಕುಟುಕಿದ್ರು. ಆಮೇಲೆ ಹೊರಟುಹೋದ್ರು. ಸಾಲ ಕೊಟ್ಟ ಮೂರು ಮನೇಲಿ ಎರಡು ಮನೆಯವರ ದುಡ್ಡು ವಾಪಸ್ ಕೊಟ್ಟಾಗಿದೆ, ಮೂರನೆಯವರದ್ದು ಕಂತಲ್ಲಿ ಹೋಗ್ತಾ ಇದೆ, ಅದನ್ನೂ ಭಾನುವಾರ ಎಲ್ರ ಮುಂದೆ ಓದಿದೀವಿ.

ಈಗ ವಂದನೆ ಹೇಳೋ ಕೆಲ್ಸ. ಫೀಸ್ ತಗೊಳ್ದೇ ಲೆಕ್ಕ ನೋಡಿಕೊಟ್ಟ ಸಿಎ ತಮ್ಮನಿಗೆ, ಪಾಸ್ಟರ್ ಇಲ್ದೇ ಇದ್ದ ತಿಂಗಳುಗಳಲ್ಲಿ ತಮ್ಮ ಸಭೆ ಆರಾಧನೆ ಮುಗಿಸಿ ಓಡೋಡಿ ಬಂದು ನಮಗೆ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಟ್ಟ ಪಕ್ಕದ ಏರಿಯಾ ಅಯ್ಯನವರಿಗೆ, ಬ್ಯಾಂಕಿಂದ ರಿಟೈರ್ ಆದ ನಮ್ಮ ಸಿಸ್ಟರ್‌ಗೆ, ಕ್ವಾಯರ್ ಒಡೆದು ಎರಡಾದ್ರೂ ನಾಲ್ಕೇ ಜನ ನಿಂತು ಹಾಡಿದ ಮಕ್ಕಳಿಗೆ, ಸುಗ್ಗಿ ಹಬ್ಬಕ್ಕೆ ಶಾಮಿಯಾನ ಹಾಕ್ಸೋಕೂ ದುಡ್ಡಿಲ್ಲ ಅಂತ ಗೊತ್ತಾಗಿ ತಮ್ಮ ಗಣೇಶನ ಪೆಂಡಾಲಿನ ಸಾಮಾನೇ ಕಳಿಸಿದ ಹಿಂದಿನ ಬೀದಿ ಹುಡುಗರಿಗೆ, ಗೇಟು ಮುರಿದಾಗ ರಾತ್ರಿ ಹತ್ತಕ್ಕೆ ಬಂದು ವೆಲ್ಡಿಂಗ್ ಮಾಡಿ 'ಕಾಸು ಆಮೇಲೆ ನೋಡೋಣ ಬಿಡಿ ಸಾರ್' ಅಂದ ಭಾಯ್‌ಗೆ, ಎಲ್ರಿಗೂ ಕೈಮುಗೀತೀನಿ. ಒಬ್ಬೊಬ್ರ ಬಗ್ಗೆನೂ ಒಂದೊಂದು ಪುಟ ಬರೀಬೋದು. ಬರಿಯಲ್ಲ, ಬೇಜಾರ್ ಮಾಡ್ಕೋಬೇಡಿ. ನಾನು ಕೂತಿದ್ದು ಟೈಲರ್ ಆಂಟಿ ಬಗ್ಗೆ ಬರಿಯೋಕೆ.

ಹೆಸರು ಹಾಕಲ್ಲ, ಹಾಕಿದ್ರೆ ಬೈತಾರೆ. ದೇವಾಲಯದ, ಅಂದ್ರೆ ನಮ್ಮ ಚರ್ಚಿನ, ಎದುರುಗಡೆ ಮನೆ, ಮುಂದಿನ ರೂಮಲ್ಲಿ ಹೊಲಿಗೆ ಮಿಷನ್ನು. ನಮ್ಮ ಕ್ವಾಯರ್ ಗೌನು, ವೇದಿಕೆ ಮೇಲಿನ ಬಟ್ಟೆ, ಕ್ರಿಸ್‌ಮಸ್ ನಾಟಕದ ಕುರುಬರ ಅಂಗಿ ಎಲ್ಲಾ ಅವರ ಕೈಯದ್ದೇ. ಇಪ್ಪತ್ತು ವರ್ಷದಲ್ಲಿ ಯಾವ ಕಮಿಟಿಲೂ ಇರ್ಲಿಲ್ಲ, ಯಾರೂ ಕರೀಲೂ ಇಲ್ಲ.

ಗಲಾಟೆ ಆದ ರಾತ್ರಿ ಪೊಲೀಸ್ನೋರು ಬಂದು ಎಲ್ರನ್ನೂ ಮನೆಗೆ ಕಳಿಸಿದ್ರು. ಏಳು ಜನ ಕಮಿಟಿಲಿ ನಾಲ್ಕು ಜನ ಅಲ್ಲೇ ರಾಜೀನಾಮೆ ಬರ್ಕೊಟ್ರು. ವೆಸ್ಟ್ರಿ ರೂಮಿನ (ಪಾಸ್ಟರ್ ತಯಾರಾಗೋ ರೂಮು) ಬೀರು ಒಡೆದು ಫೈಲುಗಳನ್ನ ಎತ್ಕೊಂಡು ಹೋಗ್ತಾರೆ ಅಂತ ಯಾರೋ ಪುಕಾರು ಹಬ್ಬಿಸಿದ್ರು, ನಿಜಾನೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ, ಕೀ ನನ್ನ ಹತ್ರ ಇತ್ತು ಅಂತ ನಾನು ಅಲ್ಲೇ ಉಳ್ಕೊಂಡೆ. ಇರ್ತೀವಿ ಅಂದೋರು ಹನ್ನೊಂದಕ್ಕೆ ಒಬ್ಬೊಬ್ರೇ ಹೊರಟ್ರು, ತಪ್ಪಲ್ಲ, ಬೆಳಗ್ಗೆ ಎಲ್ರಿಗೂ ಕೆಲ್ಸ ಇತ್ತು. ಹನ್ನೊಂದೂವರೆಗೆ ಆಂಟಿ ರಸ್ತೆ ದಾಟ್ಕೊಂಡು ಬಂದ್ರು. ಒಂದು ಕೈಲಿ ಕಾಫಿ ಫ್ಲಾಸ್ಕು, ಇನ್ನೊಂದು ಕೈಲಿ ಸೊಳ್ಳೆ ಬ್ಯಾಟು. 'ಊಟ ಮಾಡಿದ್ಯೇನೋ?' ಅಷ್ಟೇ ಕೇಳಿದ್ದು. ಬೀರುಗೆ ಒರಗಿ ನೆಲದ ಮೇಲೆ ಕೂತ್ರು.

ಒಂದು ಗಂಟೆ ಸುಮಾರಿಗೆ ನಾನು ಯಾರಿಗೂ ಹೇಳ್ದೇ ಇದ್ದಿದ್ದನ್ನ ಅವರಿಗೆ ಹೇಳಿದೆ. ಪ್ರತಿ ಬೆಂಚಿನ ಹಿಂದೆ ಕಾಣಿಕೆಗೆ ಅಂತ ಕ್ಯೂಆರ್ ಕೋಡ್ ಸ್ಟಿಕ್ಕರ್ ಇತ್ತಲ್ಲ, ಅದನ್ನ ಡಿಸೈನ್ ಮಾಡಿದ್ದು ನಾನು, ಪ್ರಿಂಟ್ ಹಾಕಿಸಿದ್ದು ನಾನು, ಒಂದು ಶನಿವಾರ ಪೂರ್ತಿ ಕೂತು 24 ಬೆಂಚಿಗೂ ಅಂಟಿಸಿದ್ದು ನಾನು. ಯುಪಿಐಲಿ ದುಡ್ಡು ಕಳಿಸೋಕೆ ಮುಂಚೆ ಆ ಅಕೌಂಟು ಯಾರದ್ದು ಅಂತ ಹೆಸರು ಬರುತ್ತೆ. ಅಂಟಿಸಿದ ದಿನವೇ ಒಂದು ರೂಪಾಯಿ ಹಾಕಿ ಟೆಸ್ಟ್ ಮಾಡಿದೆ, ಸಭೆ ಹೆಸರು ಬರ್ಲಿಲ್ಲ, ಪಾಸ್ಟರ್ ಹೆಸರು ಬಂತು. ಕೇಳಿದೆ. ಸೊಸೈಟಿ ಅಕೌಂಟಿನ ಕೆವೈಸಿ ಆಗ್ಬೇಕು, ಎರಡು ತಿಂಗಳು ಅಷ್ಟೇ ಬ್ರದರ್ ಅಂದ್ರು. ಆ ಎರಡು ತಿಂಗಳು ಮೂರು ವರ್ಷ ಆಯ್ತು, ನಾನು ಮತ್ತೆ ಕೇಳ್ಲಿಲ್ಲ. ಆಫೀಸಲ್ಲಿ ನನ್ನ ಕೆಲ್ಸ ಟೆಸ್ಟಿಂಗು, ಬೇರೆಯವರ ಸಾಫ್ಟ್‌ವೇರಲ್ಲಿ ತಪ್ಪು ಹುಡುಕೋಕೇ ನಂಗೆ ಸಂಬಳ ಕೊಡ್ತಾರೆ. ಇಲ್ಲಿ ಕಣ್ಣೆದುರಿಗೆ ಕಂಡಿದ್ದನ್ನ ನುಂಗ್ಕೊಂಡು ಕೂತೆ, ಯಾಕಂದ್ರೆ ನಮ್ಮಪ್ಪ ಐಸಿಯುನಲ್ಲಿದ್ದಾಗ ಆ ಮನುಷ್ಯ ಹನ್ನೊಂದು ದಿನ ದಿನಾ ಬಂದು ಪ್ರಾರ್ಥನೆ ಮಾಡಿದ್ರು, ಅಪ್ಪ ತೀರ್ಕೊಂಡಾಗ ಹೊಸೂರು ರಸ್ತೆ ಸ್ಮಶಾನದಲ್ಲಿ ಮಳೇಲಿ ನೆನ್ಕೊಂಡು ನಿಂತು ಮಣ್ಣು ಮಾಡಿಕೊಟ್ರು. ಅಂಥವರನ್ನ ಒಂದು ರೂಪಾಯಿ ವಿಷ್ಯಕ್ಕೆ ಹೇಗ್ ಕೇಳೋದು. ಇಷ್ಟು ಹೇಳೋ ಹೊತ್ತಿಗೆ ನಾನು ಚಿಕ್ಕ ಹುಡುಗನ ಥರ ಅಳ್ತಾ ಇದ್ದೆ.

ಆಂಟಿ ಸಮಾಧಾನ ಮಾಡ್ಲಿಲ್ಲ. ನಿಂದೇನೂ ತಪ್ಪಿಲ್ಲ ಬಿಡಪ್ಪಾ ಅನ್ಲಿಲ್ಲ, ದೇವರು ಕ್ಷಮಿಸ್ತಾನೆ ಅಂತಾನೂ ಅನ್ಲಿಲ್ಲ. ಸುಮಾರು ಹೊತ್ತು ಸೊಳ್ಳೆ ಬ್ಯಾಟಿನ ಚಟ್ ಚಟ್ ಸದ್ದು ಮಾತ್ರ. ಆಮೇಲೆ, 'ಏಳು. ನಿನ್ನ ಕೈಯಿಂದ ಅಂಟಿಸಿದ್ದು, ನಿನ್ನ ಕೈಯಿಂದಲೇ ಕೀಳು' ಅಂದ್ರು.

ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಬಾಟ್ಲು, ಹಳೇ ಬನಿಯನ್ ತುಂಡು, ಹೊಲಿಗೆ ಬಿಚ್ಚೋ ಬ್ಲೇಡು ತಂದ್ರು. ಸ್ಟಿಕ್ಕರ್ ಮೇಲೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡ್ಬೇಕು, ಆಮೇಲೆ ಬ್ಲೇಡನ್ನ ಮಲಗಿಸಿ ಒಂದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸ್ಬೇಕು, ನಿಲ್ಲಿಸಿ ಕೆರೆದ್ರೆ ವಾರ್ನಿಶ್ ಹೋಗುತ್ತೆ. ಅವರು ಎಣ್ಣೆ ಹಚ್ತಾ ಮುಂದೆ ಹೋದ್ರು, ನಾನು ಕೀಳ್ತಾ ಹಿಂದೆ. ಮೊದಲನೇ ಬೆಂಚಿಗೆ ಅರ್ಧ ಗಂಟೆ ಹಿಡೀತು, ಕೊನೆಕೊನೆಗೆ ಐದು ನಿಮಿಷಕ್ಕೊಂದು. ಪಕ್ಕದ ಮಸೀದಿಲಿ ಬೆಳಗಿನ ಆಜಾನ್ ಆದಾಗ ಇನ್ನೂ ಮೂರು ಬೆಂಚು ಬಾಕಿ ಇತ್ತು, ನಂದಿನಿ ಹಾಲಿನ ಗಾಡಿ ಬರೋ ಹೊತ್ತಿಗೆ ಮುಗೀತು. ಇಡೀ ದೇವಾಲಯ ತಲೆಗೆ ಎಣ್ಣೆ ಹಚ್ಕೊಂಡಿರೋ ಥರ ವಾಸ್ನೆ.

ಹೊರಡೋವಾಗ ಹೇಳಿದ್ರು, 'ಭಾನುವಾರ ಎಲ್ರ ಮುಂದೆ ನೀನು ಹೇಳ್ತೀಯೋ, ನಾನು ಹೇಳ್ಲೋ?' ನಾನೇ ಹೇಳಿದೆ. ಎರಡು ಮನೆಯವರು ನನ್ ಜೊತೆ ಮಾತು ಬಿಟ್ರು, ಒಂದು ಮನೆಯವರು ಈಗ ಮಾತಾಡ್ತಾರೆ.

ಇನ್ನೊಂದು ವಿಷ್ಯ ಸಿಎ ತಮ್ಮನಿಗೆ ಬಿಟ್ರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಲೆಕ್ಕ ಹಿಡಿಯೋಕೆ ನಮ್ಮ ಹತ್ರ ಏನೂ ಇಲ್ಲ ಅಂತ ತಲೆ ಮೇಲೆ ಕೈ ಹೊತ್ಕೊಂಡಿದ್ದಾಗ ಆಂಟಿ ತಮ್ಮ ಅಳತೆ ಪುಸ್ತಕ ತಂದು ಕೊಟ್ರು. ಮುಂದಿನಿಂದ ನೋಡಿದ್ರೆ ತೋಳು, ಎದೆ, ಸೊಂಟ, ರವಿಕೆ ಉದ್ದ. ಹಿಂದಿನಿಂದ ತಿರುಗಿಸಿದ್ರೆ ಒಂಬತ್ತು ವರ್ಷದ ಭಾನುವಾರಗಳು. ಮೊದಲೆಲ್ಲಾ ಹೋದ ವಾರದ ಕಾಣಿಕೆ ಎಷ್ಟು ಅಂತ ಪ್ರಕಟಣೆ ಹೊತ್ತಲ್ಲಿ ಓದ್ತಿದ್ರಲ್ಲ, ಆ ಮೊತ್ತ ಒಂದೂ ಬಿಡ್ದೇ ಪೆನ್ಸಿಲಲ್ಲಿ ಬರ್ದಿದ್ರು. ಓದೋದನ್ನ ನಿಲ್ಲಿಸಿದ ಮೇಲೂ ಬರಿಯೋದು ನಿಲ್ಲಿಸಿರ್ಲಿಲ್ಲ. ಬರೀ ತಾರೀಖು, ಪಕ್ಕದಲ್ಲಿ ಖಾಲಿ. ಮತ್ತೊಂದು ತಾರೀಖು, ಖಾಲಿ. ಹೀಗೆ ಪುಟಗಟ್ಟಲೆ. ನಡುವೆ ಒಂದು ಕಡೆ, ಕಟ್ಟಡ ನಿಧಿ ಅಂತ ಕೂಗಿದ ವಾರ, 'ಬಳೆ 2. ರಸೀದಿ ಕೊಟ್ಟಿಲ್ಲ' ಅಂತಿತ್ತು. ಇದು ಯಾರ ಬಳೆ ಆಂಟಿ ಅಂದೆ. 'ಮುಂದಿನ ಪುಟ ನೋಡು' ಅಂದ್ರು. ಆಗ ಅವರ ಕೈ ನೋಡಿದೆ, ಗಾಜಿನ ಬಳೆ.

ನಂಗೆ ಆ ಪಾಸ್ಟರ್ ಮೇಲೆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕ್ಷಮಿಸ್ಬೇಕು ಅಂತ ಎಲ್ರೂ ಹೇಳ್ತಾರೆ, ಪ್ರಯತ್ನ ಪಡ್ತಾ ಇದೀನಿ, ಆ ಗಾಜಿನ ಬಳೆ ನೆನಪಾದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಅದೇ ಹೊತ್ತಿಗೆ ಮಳೇಲಿ ನಿಂತ ಆ ಮನುಷ್ಯನೂ ನೆನಪಾಗ್ತಾರೆ. ಎರಡನ್ನೂ ಒಟ್ಟಿಗೆ ಎಲ್ಲಿಡೋದು ಅಂತ ಗೊತ್ತಾಗಲ್ಲ.

ಇರ್ಲಿ.

ಆ ಪಾಸ್ಟರ್ ಯಾವಾಗ್ಲೂ ಎತ್ತಿ ಹೇಳ್ತಿದ್ದ ಒಂದು ವಚನ ಇತ್ತು, ಬೈಬಲಿನ ಎರಡನೇ ಅರಸುಗಳು 12ನೇ ಅಧ್ಯಾಯದಲ್ಲಿ ದೇವಾಲಯದ ಕೆಲ್ಸ ನೋಡ್ಕೋತಿದ್ದವರು ನಂಬಿಗಸ್ತರು, ಅದಕ್ಕೆ ಅವರಿಂದ ಲೆಕ್ಕ ಕೇಳ್ತಿರ್ಲಿಲ್ಲ ಅಂತ. ಹೋದ ವರ್ಷ ಬುಧವಾರದ ಬೈಬಲ್ ಸ್ಟಡಿಲಿ ಯಾರೋ ಅದನ್ನೇ ಮತ್ತೆ ಎತ್ತಿದ್ರು. ಆಂಟಿ ಕನ್ನಡಕ ಸರಿ ಮಾಡ್ಕೊಂಡು 'ಒಂದ್ ಹತ್ತು ವಚನ ಮೇಲಿಂದ ಓದಪ್ಪಾ' ಅಂದ್ರು. ಓದಿದ್ರೆ ಏನಿದೆ? ಯೋವಾಷ ಅರಸ ಆಗಿ 23 ವರ್ಷ ಆದ್ರೂ ಯಾಜಕರು ದುಡ್ಡು ತಗೊಂಡು ದೇವಾಲಯ ರಿಪೇರಿ ಮಾಡಿಸಿರ್ಲಿಲ್ಲ, ಅದಕ್ಕೇ ಮುಚ್ಚಳದಲ್ಲಿ ತೂತು ಕೊರೆದ ಪೆಟ್ಟಿಗೆ ಇಟ್ರು, ತುಂಬಿದಾಗ ಅರಸನ ಕಡೆಯ ಲೇಖಕನೂ ಮಹಾಯಾಜಕನೂ ಇಬ್ರೂ ಬಂದು ಎಣಿಸಿ ಚೀಲ ಕಟ್ತಿದ್ರು. ಲೆಕ್ಕ ಕೇಳದೇ ಇದ್ದಿದ್ದು ಇಬ್ರು ಎಣಿಸಿ ಕೊಟ್ಟ ಮೇಲೆ! ಇಷ್ಟು ವರ್ಷ ನಮಗೆ ಬಾಲ ಮಾತ್ರ ಓದಿ ಹೇಳಿದ್ರು, ನಾವೂ ಪುಟ ತಿರುಗಿಸಿ ನೋಡ್ಲಿಲ್ಲ.

ಈಗ ನಮ್ಮ ಕಾಣಿಕೆ ಪೆಟ್ಟಿಗೆಗೆ ಎರಡು ಬೀಗ, ಎರಡು ಮನೇಲಿ ಕೀ. ಯೂತ್ ಹುಡುಗರು ಅದಕ್ಕೆ 'ಯೋವಾಷ' ಅಂತಲೇ ಹೆಸರಿಟ್ಟಿದಾರೆ, 'ಯೋವಾಷನ್ನ ಎತ್ಕೊಂಡ್ ಬಾರೋ' ಅಂತಾರೆ. ಎಣಿಸೋರು ಇಬ್ರು, ಒಂದೇ ಮನೆಯವರಾಗಿರಬಾರ್ದು, ಯಾವ ನೋಟು ಎಷ್ಟು ಅಂತ ಚೀಟಿ ಬರ್ದು ಇಬ್ರೂ ಸಹಿ ಹಾಕ್ಬೇಕು, ಮೊತ್ತವನ್ನ ಮುಂದಿನ ವಾರ ಓದ್ಬೇಕು. ಚೆಕ್ಕಿಗೆ ಪಾಸ್ಟರ್ ಸಹಿ ಇಲ್ಲವೇ ಇಲ್ಲ, ಇದನ್ನ ಹೊಸ ಪಾಸ್ಟರ್ ತಾವೇ ಕೇಳಿ ಮಾಡಿಸ್ಕೊಂಡ್ರು, ಅವರಿಗೂ ಅವರ ಮನೆಯವರಿಗೂ ವಂದನೆ. ನಾವು ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಆಗಿರೋ ಸೊಸೈಟಿ, ವರ್ಷ ವರ್ಷ ಕಮಿಟಿ ಪಟ್ಟಿ, ಲೆಕ್ಕ ಎಲ್ಲಾ ಕೊಡ್ಬೇಕು ಅನ್ನೋದೇ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರ್ಲಿಲ್ಲ. ಬಾಕಿ ವರ್ಷಗಳದ್ದೆಲ್ಲಾ ದಂಡ ಸಮೇತ ಕಟ್ಟಿದೀವಿ. ಬೈಬಲಲ್ಲಿ ನೆಹೆಮೀಯ ಯೆರೂಸಲೇಮಿನ ಗೋಡೆನೇ 52 ದಿನಕ್ಕೆ ಕಟ್ಟಿ ಮುಗಿಸಿದ, ನಮಗೆ ಬ್ಯಾಂಕಲ್ಲಿ ಸಹಿ ಬದಲಾಯಿಸೋಕೆ ಅದಕ್ಕಿಂತ ಜಾಸ್ತಿ ಆಯ್ತು, ಹಳೇ ಮಿನಿಟ್ಸ್ ಬುಕ್ಕೇ ಇರ್ಲಿಲ್ವಲ್ಲ. ಹೊಸ ಲೆಡ್ಜರ್ ತರೋಕೆ ಅವೆನ್ಯೂ ರೋಡಿಗೆ ಹೋದ ದಿನ ಅಲ್ಲೇ ರೈಸ್ ಮೆಮೋರಿಯಲ್ ಚರ್ಚಿನ ಮುಂದೆ ಐದು ನಿಮಿಷ ಸುಮ್ನೆ ನಿಂತಿದ್ದೆ, ಆ ಗದ್ದಲದ ಮಧ್ಯೆ.

ಹೊಸ ಕ್ಯೂಆರ್ ಕೋಡೂ ಬಂದಿದೆ, ಸ್ಕ್ಯಾನ್ ಮಾಡಿದ್ರೆ ಸಭೆ ಹೆಸರೇ ಬರುತ್ತೆ. ಜೊತೆಗೆ ಕೊಟ್ಟ ಸೌಂಡ್‌ಬಾಕ್ಸು ಮೊದಲನೇ ವಾರವೇ ಮೌನ ಪ್ರಾರ್ಥನೆ ನಡುವೆ ಯಾರೋ ಇನ್ನೂರು ರೂಪಾಯಿ ಹಾಕಿದ್ದನ್ನ ಇಡೀ ಸಭೆಗೆ ಸಾರಿಬಿಡ್ತು. ಅದೀಗ ವೆಸ್ಟ್ರಿ ಡ್ರಾಯರಲ್ಲಿದೆ.

ಎಸಿ ಹಾಲು, ದೊಡ್ಡ ಗೋಪುರ ಅಂತ ಇದ್ದ ಪ್ಲಾನ್ ಸದ್ಯಕ್ಕೆ ಮಡಚಿಟ್ಟಿದೀವಿ. ಹಿಂದಿನ ಅಪಾರ್ಟ್‌ಮೆಂಟ್ ಕೆಲ್ಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಶೆಡ್ಡಲ್ಲಿರೋರ ಮಕ್ಕಳಿಗೆ ಸಂಜೆ ಟ್ಯೂಷನ್ ಮತ್ತೆ ಶುರುವಾಗಿದೆ, ಈಗ ಹತ್ತೊಂಬತ್ತು ಮಕ್ಕಳು, ಮಗ್ಗಿ ಹೇಳಿಸೋರು ಬೇಕು, ಬುಧವಾರ ಬಿಟ್ಟು ಯಾವ ದಿನ ಬಂದ್ರೂ ಸರಿ. ಬಿಟ್ಟು ಹೋದವರು ವಾಪಸ್ ಬನ್ನಿ ಅಂತ ನಾನು ಒತ್ತಾಯ ಮಾಡಲ್ಲ. ಬಂದ್ರೆ ನಿಮ್ಮ ಬೆಂಚು ಅಲ್ಲೇ ಇದೆ, ಹಿಂದುಗಡೆ ತಿಳಿ ಬಣ್ಣದ ಒಂದು ಚೌಕ ಉಳಿದಿದೆ ಅಷ್ಟೇ.

ಭಾನುವಾರ ಕೊನೆಗೆ ಆಂಟಿಗೆ ಒಂದು ಶಾಲು ಹೊದಿಸಿದ್ವಿ. ಬೇಡ ಬೇಡ ಅಂದ್ರೂ ಹೊದಿಸಿದ್ವಿ. ಹೊದ್ಕೊಂಡು ನಿಂತೋರು ಚಪ್ಪಾಳೆ ನಡೀತಿದ್ದಂಗೇ ಅಂಚು ತಿರುಗಿಸಿ ನೋಡಿ 'ಇಲ್ಲಿ ಹೊಲಿಗೆ ಬಿಟ್ಟಿದೆ, ಎಷ್ಟು ಕೊಟ್ರಿ ಇದಕ್ಕೆ?' ಅಂದ್ರು, ಮೈಕಲ್ಲಿ ಎಲ್ರಿಗೂ ಕೇಳಿಸ್ತು. ಮನೆಗೆ ತಗೊಂಡು ಹೋಗಿ ಅಂಚು ಹೊಲಿದು, ಇಸ್ತ್ರಿ ಹಾಕಿ, ಬುಧವಾರ ತಂದು ನನ್ನ ಕೈಗೇ ಕೊಟ್ರು. 'ನಂಗ್ಯಾಕೋ ಇದೆಲ್ಲಾ, ಮುಂದಿನ ವರ್ಷ ಬೇರೆ ಯಾರಿಗಾದ್ರೂ ಹಾಕಿ. ಸ್ಟಾಕ್ ಬುಕ್ಕಲ್ಲಿ ಬರ್ಕೋ.'

ಬರ್ಕೊಂಡಿದೀನಿ. ಶಾಲು 1. ರಸೀದಿ ಕೊಟ್ಟಿದೆ.