ವಾರ್ಡಿನ ಹೊರಗಿನ ಬೆಂಚಿಗೆ ನಮ್ಮ ನಮಸ್ಕಾರ

ಗುಬ್ಬಿಯಲ್ಲಿ ನಮ್ಮ ಯಜಮಾನರ ಮೋಟಾರ್ ವೈಂಡಿಂಗ್ ಅಂಗಡಿ ಈ ಸೋಮವಾರ ಮತ್ತೆ ಬಾಗಿಲು ತೆಗೆದಿದೆ. ಪೂಜೆಗೆ ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಮೊದಲ ದಿನವೇ ಸುಟ್ಟ ಮೋಟಾರ್ ತಂದು ಬೋಣಿ ಮಾಡಿದ ನಿಟ್ಟೂರಿನ ಕಡೆಯ ರೈತರಿಗೆ ನಮ್ಮಿಬ್ಬರ ನಮಸ್ಕಾರ.

ಬಂದವರೆಲ್ಲ ಒಂದೇ ಮಾತು ಕೇಳಿದಿರಿ. "ಈಗ ಪೂರ್ತಿ ಹುಷಾರಾದ್ರಾ?" ಇಲ್ಲ, ಆಗಿಲ್ಲ. ವರ್ಷಗಟ್ಟಲೆ ಒಳಗೊಳಗೇ ಇದ್ದ ಬಿಪಿ ಎರಡೂ ಕಿಡ್ನಿಯನ್ನು ಹಾಳು ಮಾಡಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ, ಅಂದರೆ ಅಂಗಾಂಗ ಕಸಿಯ ಸರದಿ ನೋಡಿಕೊಳ್ಳುವ ರಾಜ್ಯದ ಸಂಸ್ಥೆಯಲ್ಲಿ, ಹೆಸರು ಬರೆಸಿದ್ದೇವೆ. ಸರದಿ ಯಾವಾಗ ಬರುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ. ಆದರೂ ಅಂಗಡಿ ತೆರೆದೆವು. ಅದು ಹೇಗೆ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಾವು ಕೈಮುಗಿಯಬೇಕಾದವರಲ್ಲಿ ಎಷ್ಟೋ ಜನರಿಗೆ ತಾವು ನಮಗೆ ಏನು ಕೊಟ್ಟರು ಅನ್ನೋದೇ ಗೊತ್ತಿಲ್ಲ.

ಡಯಾಲಿಸಿಸ್‌ಗೆ ಜಾಗ ಸಿಕ್ಕಿದ್ದು ತುಮಕೂರಿನಲ್ಲಿ. ಬೆಳಗಿನ ಪಾಳಿ. ಹೋದ ತಕ್ಷಣ ತೂಕ ನೋಡುತ್ತಾರೆ, ಹಿಂದಿನ ಸಲದಿಂದ ಮೈಯಲ್ಲಿ ಎಷ್ಟು ನೀರು ನಿಂತಿದೆ ಅಂತ ಲೆಕ್ಕ ಹಾಕುತ್ತಾರೆ, ಆಮೇಲೆ ನಾಲ್ಕು ಗಂಟೆ ಮಿಷನ್ನು. ದಿನಕ್ಕೆ ಇಷ್ಟೇ ನೀರು ಅಂತ ಅಳತೆ. ಬಾಳೆಹಣ್ಣು ಬೇಡ. ಸೊಪ್ಪನ್ನು ಬೇಯಿಸಿ ನೀರು ಬಸಿದು ಹಾಕಬೇಕು. ಎಲ್ಲಕ್ಕಿಂತ ಅವರಿಗೆ ಕಷ್ಟವಾಗಿದ್ದು ಎಳನೀರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಲಸ ಮಾಡದವರ ರಕ್ತದಲ್ಲಿ ಅದು ಉಳಿದುಬಿಟ್ಟರೆ ಹೃದಯಕ್ಕೇ ಅಪಾಯ. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಯಾರ ಮನೆಗೆ ಹೋದರೂ ಪ್ರೀತಿಯಿಂದ ಕೊಡುವುದೇ ಎಳನೀರು. ಕೊಟ್ಟವರಿಗೆ ಬೇಡ ಅನ್ನುವಾಗ ಅವರ ಮುಖ ನೋಡಲು ನನ್ನ ಕೈಲಿ ಆಗುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಅಂದರೆ ಅವರು ಮಾತು ಬಿಟ್ಟಿದ್ದು. ಅಂಗಡಿಗೆ ಬೀಗ ಬಿದ್ದಿತ್ತು. ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಒಂದು ರಾತ್ರಿ, "ದುಡಿಯಕ್ಕೆ ಆಗದ ಮೇಲೆ ನಾನಿದ್ದು ಏನು ಬಂತು?" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಲೆಕ್ಕ ಹಾಕಿ ಹೇಳಿದ ಹಾಗೆ ಹೇಳಿದರು. ಅದೇ ನನಗೆ ಭಯ ಹುಟ್ಟಿಸಿತು.

ಆ ನಾಲ್ಕು ಗಂಟೆ ಹೊರಗೆ ಕಾಯುವವರಿಗೆ ಒಂದು ಉದ್ದನೆಯ ಬೆಂಚು ಇತ್ತು. ಅಲ್ಲಿ ಕೂರುತ್ತಿದ್ದವರು ತುರುವೇಕೆರೆ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು, ಕೊರಟಗೆರೆಯಿಂದ ಬರುತ್ತಿದ್ದ ಹೂ ಮಾರುವ ಅಕ್ಕ, ಶಿರಾದ ಆಟೋ ಓಡಿಸುವ ಹುಡುಗ, ನಾನು. ಮೇಷ್ಟ್ರ ಹೆಂಡತಿ, ಅಕ್ಕನ ತಮ್ಮ, ಹುಡುಗನ ತಾಯಿ, ನಮ್ಮವರು ಒಳಗೆ. ಅಕ್ಕನ ಕೈ ಸುಮ್ಮನೆ ಇರುತ್ತಿರಲಿಲ್ಲ, ಬಾಳೆನಾರು ತೊಡೆಯ ಮೇಲೆ ಹಾಕಿಕೊಂಡು ಕನಕಾಂಬರ ಕಟ್ಟುತ್ತಲೇ ಮಾತಾಡುತ್ತಿದ್ದರು. ಮೇಷ್ಟ್ರು ಬಂದು ಕೂತವರೇ ಯಾವುದಾದರೂ ಒಂದು ಪ್ರಶ್ನೆ ಎತ್ತುತ್ತಿದ್ದರು. ಪಾಠ ಮಾಡೋ ಥರ ಅಲ್ಲ. ನಿಜವಾಗಿ ತಮಗೇ ತಿಳಿಯದೆ ಕೇಳುವ ಹಾಗೆ.

ಮೊದಲ ದಿನಗಳಲ್ಲಿ ನಾನು ಬೆಂಚಿನ ತುದಿಯಲ್ಲಿ ಕೂತು ಅಳುತ್ತಿದ್ದೆ. ಮಗಳ ಕಾಲೇಜು, ಸಾಲ, ಮುಂದಿನ ವರ್ಷ, ಅದರ ಮುಂದಿನ ವರ್ಷ, ಎಲ್ಲ ಒಟ್ಟಿಗೆ ತಲೆಯಲ್ಲಿ. ಮೇಷ್ಟ್ರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಕಥೆ ನನಗೂ ಗೊತ್ತಿದ್ದದ್ದೇ. ಬಸವಣ್ಣನ ಕಲ್ಯಾಣದಲ್ಲಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಜಾಸ್ತಿ ತಂದ. ಇವತ್ತಿಗೆ ಬೇಕಾದ್ದಕ್ಕಿಂತ ಹೆಚ್ಚಿದೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಇಷ್ಟು ಹೇಳಿ ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನು ಬರೋ ವರ್ಷದ ಚಿಂತೆನೂ ಇವತ್ತೇ ಆಯ್ದು ತಂದಿದ್ದೀಯಲ್ಲ ತಾಯಿ. ಇವತ್ತಿಂದು ಇಟ್ಕೊ. ಮಿಕ್ಕಿದ್ದು ಸುರಿದು ಬಾ." ಆ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ನನಗೇ ಹೇಳಿದ್ದು ಅನ್ನಿಸಿದ್ದು ಅವತ್ತೇ. ಆಮೇಲೆ ಮನೆಯಲ್ಲಿ ತಲೆ ಬಿಸಿಯಾದಾಗಲೆಲ್ಲ, ಇದು ಇವತ್ತಿನದಾ, ಅಲ್ವಾ ಅಂತ ಕೇಳಿಕೊಳ್ಳುವ ಅಭ್ಯಾಸ ಬಂತು. ಸಾಲ ಕಮ್ಮಿ ಆಗಲಿಲ್ಲ. ನಿದ್ದೆ ಮಾತ್ರ ಬಂತು.

ಇನ್ನೊಂದು ದಿನ ಕರ್ಮದ ಮಾತು ಬಂತು. ನೋಡಲು ಬಂದ ನೆಂಟರೊಬ್ಬರು ಪೂರ್ವಜನ್ಮದ ಕರ್ಮ ಅಂದುಬಿಟ್ಟಿದ್ದರು. ಅದು ನನ್ನನ್ನು ಕೊರೆಯುತ್ತಿತ್ತು. ಹೂವಿನಕ್ಕ ದಾರ ಎಳೆಯುತ್ತಾ ಹೇಳಿದರು: "ಹೋದ ಜನ್ಮದ್ದು ಅವರಿಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಿಲ್ದೆ ಇರೋದಕ್ಕೆ ಮನುಷ್ಯನ್ನ ತಪ್ಪುಗಾರ ಮಾಡಬಾರದು." ಇದರ ಮೇಲೆ ಯಾವ ಪಂಡಿತರು ಏನು ಹೇಳಿದರೂ ನಾನು ಕೇಳುವುದಿಲ್ಲ. ಅಕ್ಕಾ, ಆ ಒಂದು ಮಾತಿಗೆ ನಾನು ಜೀವಮಾನವಿಡೀ ಋಣಿ.

ನಮ್ಮವರು ಕೇಳಿದ ಪ್ರಶ್ನೆಯನ್ನು ಬೆಂಚಿನ ಮುಂದೆ ಇಡಲು ನನಗೆ ಧೈರ್ಯ ಬಂದಿದ್ದು ತಡವಾಗಿ. ಕಾಯಕವೇ ಕೈಲಾಸ ಅಂತ ನಾವೆಲ್ಲ ಹೇಳುತ್ತೇವೆ. ಹಾಗಾದರೆ ಕಾಯಕ ಮಾಡಲು ಆಗದವನಿಗೆ ಏನು ಉಳಿಯಿತು? ಮೇಷ್ಟ್ರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕಥೆ ಹೇಳಿದರು. ಅವರು ಚಿಕ್ಕಂದಿನಲ್ಲಿ ಸಿದ್ಧಗಂಗಾ ಮಠದಲ್ಲಿದ್ದು ಓದಿದವರು. ಅಲ್ಲಿಯ ದಾಸೋಹದ ಅನ್ನ ಉಂಡೇ ಮೇಷ್ಟ್ರಾದವರು. "ಉಣ್ಣುವಾಗ ನಾನು ಏನೂ ದುಡಿದಿರಲಿಲ್ಲ. ಆದ್ರೆ ಪಂಕ್ತಿಯಲ್ಲಿ ಕೂತು ಉಣ್ಣೋ ನಮ್ಮಂಥ ಹುಡುಗರೇ ಇಲ್ದಿದ್ರೆ ದಾಸೋಹ ಎಲ್ಲಿಂದ ಬರ್ತಿತ್ತು? ಕಾಯಕದ ಜೊತೆಗೆ ದಾಸೋಹ ಅನ್ನೋದನ್ನೂ ಇಟ್ಟಿದ್ದಾರೆ. ಅದು ಕೊಡೋನೊಬ್ಬನಿಂದ ಆಗಲ್ಲ. ತಗೊಳ್ಳೋನೂ ಬೇಕು."

2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ನಾವೆಲ್ಲ ಕೇಳಿದ್ದು ನೆನಪಿರಬಹುದು. ಮಕ್ಕಳ ಊಟ ಆದ ಮೇಲೆ ಸುದ್ದಿ ತಿಳಿಸಿ ಅಂತ ಅವರೇ ಮೊದಲೇ ಹೇಳಿದ್ದರಂತೆ. ಮೇಷ್ಟ್ರು ಅದನ್ನು ನೆನೆದು ಕಣ್ಣೊರೆಸಿಕೊಂಡರು. ಉಣ್ಣುವ ಮಕ್ಕಳು ಅವರಿಗೆ ಅಷ್ಟು ಮುಖ್ಯ.

ಶಿರಾದ ಹುಡುಗ ಒಪ್ಪಲಿಲ್ಲ. "ಇದೆಲ್ಲ ಸಮಾಧಾನಕ್ಕೆ ಹೇಳೋದು ಮೇಷ್ಟ್ರೇ. ದುಡಿದು ಸಾಕಿದ ಗಂಡಸಿಗೆ ಬೇರೆಯವರ ಕೈ ನೋಡೋದು ಅಂದ್ರೆ ಸಾವು." ಹೂವಿನಕ್ಕ ತಲೆ ಎತ್ತಿದರು. "ನಿಮ್ಮಮ್ಮ ಒಳಗೆ ಮಲಗವ್ರಲ್ಲ, ಅವರು ದುಡಿದು ನಿಂಗೆ ಏನು ತಂದುಕೊಡ್ತವ್ರೆ? ಆದ್ರೂ ನೀನು ಬಾಡಿಗೆ ಬಿಟ್ಟು ಕರ್ಕೊಂಡು ಬರ್ತೀಯ. ಯಾಕೆ?" ಹುಡುಗ ಏನೂ ಹೇಳಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಟೀ ತಂದ.

ಇದನ್ನೆಲ್ಲ ವಾಪಸ್ ಬರುವ ಬಸ್ಸಿನಲ್ಲಿ ನಮ್ಮವರಿಗೆ ಹೇಳಿದೆ. ಅವರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ಉಣ್ಣೋ ಮಕ್ಕಳು ಬೆಳೀತಾರೆ. ನಾನು ಬೆಳೀತೀನಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಎಷ್ಟೋ ದಿನದ ಮೇಲೆ ವಾದ ಮಾಡಿದ್ದರು! ವಾದ ಮಾಡಲು ಮನುಷ್ಯನಿಗೆ ಸ್ವಲ್ಪ ಜೀವ ಬೇಕು. ಆಮೇಲೆ ಅವರೇ ಕೇಳಲು ಶುರು ಮಾಡಿದರು, ಇವತ್ತು ಬೆಂಚಲ್ಲಿ ಏನು ಮಾತಾಯ್ತು ಅಂತ. ಮೇಷ್ಟ್ರಿಗೆ ಹೇಳು ಅಂತ ಒಳಗಿನಿಂದ ಪ್ರಶ್ನೆ ಕಳಿಸಿದ್ದೂ ಉಂಟು.

ಪಕ್ಕದ ಮನೆಯ ಐಟಿಐ ಓದುವ ಹುಡುಗ ಒಂದು ಸಂಜೆ ಸುಟ್ಟ ಮೋಟಾರ್ ಹಿಡಿದುಕೊಂಡು ಬಂದ. ಅವರು ಮಂಚದ ಮೇಲೆ ಎದ್ದು ಕೂತರು. ಹಳೇ ಕಾಯಿಲ್ ಬಿಚ್ಚುವಾಗ ಸುತ್ತು ಎಣಿಸಿ ಬರೆದಿಟ್ಟುಕೋ, ತಂತಿಯ ಗೇಜ್ ನೋಡು, ಸ್ಲಾಟಿಗೆ ಪೇಪರ್ ಹಾಕದೆ ತಂತಿ ಇಳಿಸಬೇಡ, ಅವಸರ ಬೇಡ. ಕೈ ಆಡಿಸುತ್ತಾ ಹೇಳಿಕೊಟ್ಟರು. ಅವರು ಹೇಳುತ್ತಿದ್ದಷ್ಟು ಹೊತ್ತೂ ನೀರು ಕೇಳಲಿಲ್ಲ. ಬಾಯಾರಿಕೆ ಎಂಥದ್ದು ಅಂತ ಡಯಾಲಿಸಿಸ್ ಮನೆಯವರಿಗೆ ಮಾತ್ರ ಗೊತ್ತು, ಹಾಗಾಗಿ ಇದು ಎಷ್ಟು ದೊಡ್ಡದು ಅಂತಲೂ ಅವರಿಗೇ ಗೊತ್ತಾಗುತ್ತದೆ. ಅಂಗಡಿ ಮತ್ತೆ ತೆರೆಯುವ ಯೋಚನೆ ಅವತ್ತು ಹುಟ್ಟಿತು. ಈಗ ಆ ಹುಡುಗನೇ ಅವರ ಕೈಯಾಳು.

ಮೇಷ್ಟ್ರ ಮನೆಯವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅಂಗಡಿ ತೆರೆಯುವ ಸುದ್ದಿ ಹೇಳಲು ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಮಾತು, "ನಿಮ್ಮ ಯಜಮಾನರ ಹೊಸ ಪ್ರಶ್ನೆ ಏನಮ್ಮ?" ಮೇಷ್ಟ್ರೇ, ನಿಮ್ಮ ಸಂಕಟದ ನಡುವೆ ನಮಗೆ ಯೋಚನೆ ಮಾಡುವುದನ್ನು ಕಲಿಸಿದಿರಿ. ನಿಮ್ಮ ಕಾಲಿಗೆ ಬೀಳುತ್ತೇವೆ.

ಸೂಜಿ ಚುಚ್ಚುವಾಗ ಪ್ರತಿ ಸಲ "ಅಣ್ಣಾ, ಸ್ವಲ್ಪ ನೋವಾಗುತ್ತೆ" ಅಂತ ಹೇಳಿಯೇ ಚುಚ್ಚುವ ಟೆಕ್ನಿಷಿಯನ್ ತಮ್ಮಂದಿರಿಗೆ, ಸಿಸ್ಟರ್‌ಗಳಿಗೆ, ಬೀಗ ಬಿದ್ದ ಅಂಗಡಿಗೆ ಬಾಡಿಗೆ ಕೇಳದ ಮಾಲೀಕರಿಗೆ, ಸುಸ್ತಾದವರಿಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ ಕಂಡಕ್ಟರ್‌ಗಳಿಗೆ ತುಂಬಾ ಧನ್ಯವಾದ. ಶಕ್ತಿ ಯೋಜನೆಯಿಂದ ನನ್ನ ಓಡಾಟದ ಟಿಕೆಟ್ ದುಡ್ಡು ಉಳಿದು ಮಾತ್ರೆಗೆ ಆಯಿತು, ಅದನ್ನೂ ಹೇಳಲೇಬೇಕು. ಮಗಳೇ, ಸೊಪ್ಪು ಬಸಿದು ಅಪ್ಪನಿಗೆ ಬೇರೆ ಸಾರು ಮಾಡಿಟ್ಟು ಕಾಲೇಜಿಗೆ ಹೋದೆಯಲ್ಲ, ನಿನಗೆ ಏನು ಹೇಳಲಿ.

ಅಂಗಡಿ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಮಿಕ್ಕ ಮೂರು ದಿನ ತುಮಕೂರು, ಭಾನುವಾರ ವಿಶ್ರಾಂತಿ. ಅವರ ಎಡಗೈಯಲ್ಲಿ ಫಿಸ್ಟುಲಾ ಇದೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ. ಆ ಕೈಯಲ್ಲಿ ಭಾರ ಎತ್ತಬಾರದು. ಆದ್ದರಿಂದ ಮೋಟಾರ್ ತರುವವರು ಇಳಿಸಲು ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ.